ಶಾಲೆಯ ಗ್ರಂಥಾಲಯಕ್ಕೆ ಬಾರ್‌ಕೋಡ್ ಚೀಟಿ: ವರ್ಡ್‌ನಲ್ಲೇ ಮಾಡಿಕೊಳ್ಳುವ ಬಗೆ

ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಊಟ ಮುಗಿಸಿ, ತಟ್ಟೆ ತೊಳೆದಿಟ್ಟು ಗ್ರಂಥಾಲಯದ ಬಾಗಿಲಿಗೆ ಬರುವ ಹೊತ್ತಿಗೆ ಉಳಿದಿರುವುದು ಹದಿನೈದೇ ನಿಮಿಷ. ದಪ್ಪ ರಿಜಿಸ್ಟರ್ ತೆರೆದು ಪುಸ್ತಕದ ಸಂಖ್ಯೆ, ಹೆಸರು, ತರಗತಿ, ತಾರೀಕು ಬರೆದು ಸಹಿ ಹಾಕಿಸಿಕೊಳ್ಳುವಷ್ಟರಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಹಿಡಿಯುತ್ತಿತ್ತು. ಗಂಟೆ ಹೊಡೆದ ಕೂಡಲೇ ಸಾಲಿನ ಕೊನೆಯಲ್ಲಿದ್ದವರು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟು ಓಡುತ್ತಿದ್ದರು. ಹಾಗೆ ಉಳಿದ ಪುಸ್ತಕಗಳನ್ನು ಮತ್ತೆ ಕಪಾಟಿಗೆ ಸೇರಿಸುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಓದುಗರ ಸಮಯ ಉಳಿಸಬೇಕು ಎನ್ನುವುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು. ನಮ್ಮ 1,480 ಪುಸ್ತಕಗಳಿಗೆ ಬಾರ್‌ಕೋಡ್ ಅಂಟಿಸಲು ಕೈ ಹಾಕಿದ್ದು ಆ ಒಂದು ಮಾತಿಗಾಗಿ.

ಇದಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ಕಚೇರಿಯಲ್ಲಿರುವ ಕಂಪ್ಯೂಟರ್, ಅದರಲ್ಲಿ ವರ್ಡ್ ಮತ್ತು ಎಕ್ಸೆಲ್ (ಅಥವಾ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್), ಒಂದು ಬಾರ್‌ಕೋಡ್ ಫಾಂಟ್, ಲೇಸರ್ ಪ್ರಿಂಟರ್, ಎ4 ಅಳತೆಯ ಅಂಟುಚೀಟಿ ಹಾಳೆಗಳು ಮತ್ತು ಯುಎಸ್‌ಬಿ ಸ್ಕ್ಯಾನರ್ ಇದ್ದರೆ ಸಾಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವಾಗಲಿ, ಸಂಘದ ಪುಟ್ಟ ವಾಚನಾಲಯವಾಗಲಿ, ಕ್ರಮ ಇದೇ.

ಮೊದಲು ಸಂಖ್ಯೆ, ಆಮೇಲೆ ಚೀಟಿ

ಪುಸ್ತಕದ ಹಿಂಬದಿಯಲ್ಲಿ ಐಎಸ್‌ಬಿಎನ್ (ಪುಸ್ತಕಗಳ ಅಂತರರಾಷ್ಟ್ರೀಯ ಸಂಖ್ಯೆ) ಬಾರ್‌ಕೋಡ್ ಆಗಲೇ ಇದೆಯಲ್ಲ, ಇನ್ನೊಂದು ಏಕೆ ಎಂದು ಹಲವರು ಕೇಳುತ್ತಾರೆ. ಐಎಸ್‌ಬಿಎನ್ ಗುರುತಿಸುವುದು ಪ್ರಕಟಣೆಯನ್ನು, ನಿಮ್ಮ ಕೈಯಲ್ಲಿರುವ ಪ್ರತಿಯನ್ನಲ್ಲ. ಒಂದೇ ನಿಘಂಟಿನ ಐದು ಪ್ರತಿಗಳಿದ್ದರೆ ಐದಕ್ಕೂ 978ರಿಂದ ಶುರುವಾಗುವ ಅದೇ ಹದಿಮೂರು ಅಂಕಿಗಳು. ಯಾವ ಪ್ರತಿ ಯಾವ ಮಗುವಿನ ಬಳಿ ಇದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳಲ್ಲಿ ಐಎಸ್‌ಬಿಎನ್ ಇರುವುದೂ ಇಲ್ಲ. ಆದ್ದರಿಂದ ಬಾರ್‌ಕೋಡ್‌ಗೆ ಆಧಾರವಾಗಬೇಕಾದದ್ದು ಪರಿಗ್ರಹಣ ಸಂಖ್ಯೆ, ಅಂದರೆ ನಾವೆಲ್ಲ ಅಕ್ಸೆಷನ್ ನಂಬರ್ ಎಂದು ಕರೆಯುವ, ರಿಜಿಸ್ಟರ್‌ನಲ್ಲಿ ಪ್ರತಿಯೊಂದು ಪ್ರತಿಗೂ ಬೇರೆಬೇರೆಯಾಗಿ ಕೊಟ್ಟ ಸಂಖ್ಯೆ.

ಈ ಕೆಲಸದಲ್ಲಿ ತಂತ್ರಾಂಶದ ಪಾಲು ಚಿಕ್ಕದು, ಸಂಖ್ಯೆಯ ಶಿಸ್ತೇ ದೊಡ್ಡದು. ಒಂದು ಪ್ರತಿಗೆ ಒಂದೇ ಸಂಖ್ಯೆ. ಪುಸ್ತಕ ಕಳೆದುಹೋದರೂ ಹರಿದುಹೋದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ಎಲ್ಲ ಸಂಖ್ಯೆಗಳ ಉದ್ದವೂ ಸಮನಾಗಿರಲಿ. ನಾವು ಸ್ಕೂಲ್ ಲೈಬ್ರರಿ ಎಂಬುದಕ್ಕೆ ಎಸ್‌ಎಲ್ ಎಂಬ ಎರಡು ಅಕ್ಷರಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಮುಂದಿಟ್ಟು, ಐದು ಅಂಕಿ ಸೇರಿಸಿದೆವು: ಎಸ್‌ಎಲ್00123. ಅಕ್ಷರ ಮುಂದಿಡುವುದರಿಂದ ಇನ್ನೊಂದು ಉಪಕಾರವಿದೆ. ಬರಿಯ 00123 ಎಂದು ಟೈಪಿಸಿದರೆ ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಗಳನ್ನು ನುಂಗಿ 123 ಮಾಡುತ್ತದೆ. ಅಕ್ಷರವಿದ್ದರೆ ಮುಟ್ಟುವುದಿಲ್ಲ. ಸೊನ್ನೆಯಂತೆ ಕಾಣುವ ಓ, ಒಂದರಂತೆ ಕಾಣುವ ಐ, ಇವೆರಡು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಆರಿಸಿಕೊಳ್ಳಬೇಡಿ. ಚೀಟಿ ಮಾಸಿದ ದಿನ ಕಣ್ಣಿನಿಂದಲೇ ಓದಬೇಕಾಗುತ್ತದೆ.

ಯಾವ ಬಗೆಯ ಬಾರ್‌ಕೋಡ್?

ವರ್ಡ್‌ನಲ್ಲಿ ಮಾಡುವವರಿಗೆ ನನ್ನ ಆಯ್ಕೆ ಕೋಡ್ 39. ಇಂಟರ್‌ಮೆಕ್ ಸಂಸ್ಥೆ 1974ರಲ್ಲಿ ರೂಪಿಸಿದ ಇದು ಹಳೆಯದು, ಹೆಚ್ಚು ಜಾಗ ತಿನ್ನುವಂಥದ್ದು, ಆದರೆ ತುಂಬಾ ಸರಳ. ಪ್ರತಿ ಅಕ್ಷರಕ್ಕೂ ಐದು ಕಪ್ಪು ಪಟ್ಟಿ, ನಾಲ್ಕು ಬಿಳಿ ಸಂದು, ಒಟ್ಟು ಒಂಬತ್ತು. ಆ ಒಂಬತ್ತರಲ್ಲಿ ಮೂರು ಅಗಲವಾದವು. ಹೆಸರಿನಲ್ಲಿರುವ 3 ಮತ್ತು 9 ಅವೇ. ಇಂಗ್ಲಿಷ್ ದೊಡ್ಡಕ್ಷರಗಳು, 0ರಿಂದ 9ರವರೆಗಿನ ಅಂಕಿಗಳು ಮತ್ತು ಅಡ್ಡಗೆರೆ, ಚುಕ್ಕೆಯಂಥ ಕೆಲವು ಚಿಹ್ನೆಗಳು ಇದರಲ್ಲಿ ಬರುತ್ತವೆ. ಮೊದಲೊಂದು, ಕೊನೆಗೊಂದು ನಕ್ಷತ್ರ ಚಿಹ್ನೆ (*) ಇರಲೇಬೇಕು. ಎಲ್ಲಿಂದ ಎಲ್ಲಿಯವರೆಗೆ ಓದಬೇಕೆಂದು ಸ್ಕ್ಯಾನರ್‌ಗೆ ತಿಳಿಸುವುದು ಅವೇ.

ಕೋಡ್ 128 ಇದಕ್ಕಿಂತ ಕಿರಿದಾದ ಜಾಗದಲ್ಲಿ ಕೂರುತ್ತದೆ ನಿಜ. ಆದರೆ ಅದಕ್ಕೆ ಲೆಕ್ಕ ಹಾಕಿ ಸೇರಿಸಬೇಕಾದ, ಓದಿದ್ದು ಸರಿಯೇ ಎಂದು ತಾಳೆ ನೋಡುವ ಅಕ್ಷರವೊಂದಿದೆ. ಫಾಂಟ್ ಹಾಕಿ ನೇರವಾಗಿ ಟೈಪಿಸಿದರೆ ಬಾರ್‌ಕೋಡ್‌ನಂತೆ ಕಾಣುವ ಗೆರೆಗಳು ಬರುತ್ತವೆಯೇ ಹೊರತು ಸ್ಕ್ಯಾನರ್ ಅದನ್ನು ಓದುವುದಿಲ್ಲ. ಕೋಡ್ 39ರಲ್ಲಿ ಆ ಅಕ್ಷರ ಕಡ್ಡಾಯವಲ್ಲ.

ಗೂಗಲ್ ಫಾಂಟ್ಸ್ ತಾಣದಲ್ಲಿ ‘ಲಿಬ್ರೆ ಬಾರ್‌ಕೋಡ್ 39’ ಎಂಬ ಫಾಂಟ್ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಇಳಿಸಿಕೊಂಡು, ಜಿಪ್ ಕಡತ ಬಿಡಿಸಿ, ಫಾಂಟ್ ಕಡತದ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ವರ್ಡ್ ತೆರೆದೇ ಇದ್ದರೆ ಮುಚ್ಚಿ ಮತ್ತೆ ತೆರೆಯಿರಿ, ಫಾಂಟ್‌ಗಳ ಪಟ್ಟಿಯಲ್ಲಿ ಹೆಸರು ಕಾಣಿಸುತ್ತದೆ.

ಚೀಟಿ ಎಷ್ಟು ದೊಡ್ಡದಿರಬೇಕು?

ಅಂಗಡಿಗೆ ಹೋಗುವ ಮೊದಲು ಈ ಲೆಕ್ಕ ಮಾಡಿಕೊಳ್ಳಿ, ಹಣ ಉಳಿಯುತ್ತದೆ. ಅಗಲ ಪಟ್ಟಿ ಕಿರಿ ಪಟ್ಟಿಯ ಮೂರರಷ್ಟಿದೆ ಎಂದುಕೊಂಡರೆ ಕೋಡ್ 39ರ ಒಂದು ಅಕ್ಷರ, ಮುಂದಿನ ಸಂದೂ ಸೇರಿ, 16 ಕಿರಿ ಪಟ್ಟಿಗಳಷ್ಟು ಜಾಗ ಹಿಡಿಯುತ್ತದೆ. ಕಿರಿ ಪಟ್ಟಿ ಕಾಲು ಮಿಲಿಮೀಟರ್ ಇದ್ದರೆ ಸಾಧಾರಣ ಸ್ಕ್ಯಾನರ್ ಆರಾಮವಾಗಿ ಓದುತ್ತದೆ. ಅಂದರೆ ಅಕ್ಷರವೊಂದಕ್ಕೆ 4 ಮಿ.ಮೀ. ನಮ್ಮ ಸಂಖ್ಯೆಯಲ್ಲಿ ಏಳು ಅಕ್ಷರ, ಎರಡು ನಕ್ಷತ್ರ, ಒಟ್ಟು ಒಂಬತ್ತು: 36 ಮಿ.ಮೀ. ಎಡಬಲಗಳಲ್ಲಿ ಏನೂ ಅಚ್ಚಾಗದ ಬಿಳಿ ಜಾಗ ಬೇಕೇಬೇಕು, ಒಂದೊಂದು ಬದಿಗೆ 6 ಮಿ.ಮೀ. ಬಿಟ್ಟರೆ ಒಳ್ಳೆಯದು. ಒಟ್ಟು 48 ಮಿ.ಮೀ.

ಎ4 ಹಾಳೆಯಲ್ಲಿ 65 ಚೀಟಿ ಬರುವ ಹಾಳೆ ಅಗ್ಗವೆಂದು ಕೈ ಅತ್ತ ಹೋಗುತ್ತದೆ. ಅದರ ಒಂದು ಚೀಟಿಯ ಅಗಲ ಸುಮಾರು 38 ಮಿ.ಮೀ. ಮಾತ್ರ, ನಮ್ಮ ಸಂಖ್ಯೆ ಅದರಲ್ಲಿ ಕೂರುವುದಿಲ್ಲ. 24 ಚೀಟಿಗಳ ಹಾಳೆಯಲ್ಲಿ ಒಂದೊಂದು ಸುಮಾರು 64 ಮಿ.ಮೀ. ಅಗಲ, 34 ಮಿ.ಮೀ. ಎತ್ತರ. ಬಾರ್‌ಕೋಡ್‌ನ ಮೇಲೆ ಶಾಲೆಯ ಹೆಸರಿಗೂ ಕೆಳಗೆ ಸಂಖ್ಯೆಗೂ ಜಾಗ ಸಿಗುತ್ತದೆ. ನಾವು ಅದನ್ನೇ ತಂದೆವು.

ಎಕ್ಸೆಲ್ ಪಟ್ಟಿ

ಮೊದಲ ಸಾಲಿನಲ್ಲಿ ಕಾಲಂ ಹೆಸರುಗಳು: ಸಂಖ್ಯೆ, ಬಾರ್, ಶೀರ್ಷಿಕೆ. ಸಂಖ್ಯೆಯ ಕಾಲಂನಲ್ಲಿ ಮೊದಲ ಸಂಖ್ಯೆಯನ್ನು ಟೈಪಿಸಿ, ಸೆಲ್‌ನ ಬಲ ಕೆಳಮೂಲೆ ಹಿಡಿದು ಕೆಳಕ್ಕೆ ಎಳೆದರೆ ಉಳಿದವು ಸೊನ್ನೆ ಸಮೇತ ತಾವಾಗಿ ತುಂಬಿಕೊಳ್ಳುತ್ತವೆ. ನಂತರ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು, ರದ್ದಾದ ಮತ್ತು ಕಳೆದುಹೋದ ಪುಸ್ತಕಗಳ ಸಾಲುಗಳನ್ನು ಅಳಿಸಿ. ಬೇಸರದ ಕೆಲಸವಾದರೂ ಇಲ್ಲಿ ಕೊಟ್ಟ ಒಂದು ದಿನ ಮುಂದೆ ವಾರಗಟ್ಟಲೆ ಉಳಿಸುತ್ತದೆ.

ಬಾರ್ ಕಾಲಂನಲ್ಲಿ ನಕ್ಷತ್ರ ಸೇರಿದ ರೂಪ ಬರಬೇಕು. ಸಂಖ್ಯೆ ಎ2 ಸೆಲ್‌ನಲ್ಲಿದ್ದರೆ ಪಕ್ಕದಲ್ಲಿ ಈ ಸೂತ್ರ ಬರೆಯಿರಿ, ಎ ಎಂಬಲ್ಲಿ ಇಂಗ್ಲಿಷ್‌ನ ಅದೇ ಅಕ್ಷರ ಹಾಕಿ:

="*"&ಎ2&"*"

ನಕ್ಷತ್ರವನ್ನು ವರ್ಡ್‌ನಲ್ಲೇ ಟೈಪಿಸಬಹುದಲ್ಲ ಎನಿಸಬಹುದು. ಬೇಡ. ಎರಡು ನಕ್ಷತ್ರಗಳ ನಡುವೆ ಬರೆದದ್ದನ್ನು ದಪ್ಪಕ್ಷರ ಮಾಡಬೇಕೆಂಬ ಸೂಚನೆಯಾಗಿ ಭಾವಿಸುವ ಸ್ವಯಂಚಾಲಿತ ಏರ್ಪಾಡು ವರ್ಡ್‌ನಲ್ಲೂ ಲಿಬ್ರೆ ಆಫೀಸ್ ರೈಟರ್‌ನಲ್ಲೂ ಇದೆ. ಅದು ಚಾಲೂ ಇದ್ದರೆ ನಕ್ಷತ್ರಗಳು ಮಾಯವಾಗಿ, ಪಟ್ಟಿಗಳು ದಪ್ಪವಾಗಿ, ಬಾರ್‌ಕೋಡ್ ಎರಡು ರೀತಿಯಲ್ಲಿ ಕೆಡುತ್ತದೆ. ನಾನು ಒಂದಿಡೀ ಸಂಜೆ ಫಾಂಟ್ ಸರಿಯಿಲ್ಲವೆಂದು ತೆಗೆದು ಹಾಕಿ ಮಾಡಿದ್ದು ಈ ಕಾರಣಕ್ಕೆ. ಎಕ್ಸೆಲ್‌ನಿಂದ ಸಿದ್ಧವಾಗಿ ಬಂದರೆ ಆ ತೊಂದರೆಯೇ ಇಲ್ಲ.

ಕನ್ನಡದಲ್ಲಿ ಟೈಪಿಸುವವರು ಗಮನಿಸಬೇಕಾದ ಇನ್ನೊಂದು ವಿಷಯ: ೧೨೩ ಎಂಬ ಕನ್ನಡ ಅಂಕಿಗಳು ಕೋಡ್ 39ರಲ್ಲಿ ಇಲ್ಲ. ಕೀಲಿಮಣೆ ಕನ್ನಡದಲ್ಲಿದ್ದಾಗ ಒಂದೆರಡು ಸೆಲ್‌ಗಳಲ್ಲಿ ಅವು ನುಸುಳಿದ್ದರೂ ಆ ಚೀಟಿಗಳಲ್ಲಿ ಪಟ್ಟಿಗಳ ನಡುವೆ ಅಂಕಿಯೇ ಅಚ್ಚಾಗುತ್ತದೆ. ಎಕ್ಸೆಲ್ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿ ನೋಡಿ. ನಂತರ ಸಂಖ್ಯೆಯ ಕಾಲಂ ಆರಿಸಿ, ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಡೂಪ್ಲಿಕೇಟ್ ವ್ಯಾಲ್ಯೂಸ್ ಆಯ್ದುಕೊಳ್ಳಿ. ಎರಡು ಸಲ ಬಂದ ಸಂಖ್ಯೆಗಳು ಬಣ್ಣದಲ್ಲಿ ಎದ್ದು ಕಾಣುತ್ತವೆ. ಎಲ್ಲ ಸರಿಯಾದ ಮೇಲೆ ಕಡತ ಉಳಿಸಿ, ಎಕ್ಸೆಲ್ ಮುಚ್ಚಿ.

ವರ್ಡ್‌ನಲ್ಲಿ ಹಾಳೆ ಕಟ್ಟುವುದು

1. ಹೊಸ ದಾಖಲೆ ತೆರೆದು ಮೇಲಿಂಗ್ಸ್ ಟ್ಯಾಬ್‌ನಲ್ಲಿ ಸ್ಟಾರ್ಟ್ ಮೇಲ್ ಮರ್ಜ್ (ಎಕ್ಸೆಲ್ ಪಟ್ಟಿಯ ಒಂದೊಂದು ಸಾಲನ್ನು ಒಂದೊಂದು ಚೀಟಿಗೆ ತುಂಬುವ ಏರ್ಪಾಡು), ಅದರಲ್ಲಿ ಲೇಬಲ್ಸ್ ಆರಿಸಿ. ನಿಮ್ಮ ಹಾಳೆಯ ತಯಾರಕರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ನ್ಯೂ ಲೇಬಲ್ ಒತ್ತಿ ಅಳತೆ ಕೊಡಿ. ಅಳತೆಗೆ ಹಾಳೆಯ ಪೊಟ್ಟಣವನ್ನು ನಂಬುವುದಕ್ಕಿಂತ ಸ್ಕೇಲ್ ಇಟ್ಟು ನೋಡುವುದು ಮೇಲು. ಇಲ್ಲಿ ಗೊಂದಲ ಹುಟ್ಟಿಸುವುದು ಪಿಚ್ ಎಂಬ ಅಳತೆ: ಒಂದು ಚೀಟಿಯ ಎಡ ಅಂಚಿನಿಂದ ಪಕ್ಕದ ಚೀಟಿಯ ಎಡ ಅಂಚಿನವರೆಗಿನ ದೂರ ಅದು. ಚೀಟಿ 64 ಮಿ.ಮೀ., ನಡುವಿನ ಸಂದು 2 ಮಿ.ಮೀ. ಇದ್ದರೆ ಅಡ್ಡ ಪಿಚ್ 66. ಮೂರು ಚೀಟಿ, ಎರಡು ಸಂದು ಸೇರಿ 196 ಆಯಿತು. ಎ4 ಅಗಲ 210, ಉಳಿದ 14ರಲ್ಲಿ ಎಡಕ್ಕೆ 7. ಉದ್ದಕ್ಕೆ ಎಂಟು ಚೀಟಿ ಸಂದಿಲ್ಲದೆ ಇದ್ದರೆ ಪಿಚ್ 34, ಒಟ್ಟು 272. ಹಾಳೆಯ 297ರಲ್ಲಿ ಉಳಿದ 25ರ ಅರ್ಧ, 12.5, ಮೇಲಿನ ಅಂಚು.

2. ಸೆಲೆಕ್ಟ್ ರೆಸಿಪಿಯೆಂಟ್ಸ್‌ನಲ್ಲಿ ಯೂಸ್ ಆ್ಯನ್ ಎಕ್ಸಿಸ್ಟಿಂಗ್ ಲಿಸ್ಟ್ ಆರಿಸಿ ಎಕ್ಸೆಲ್ ಕಡತ ತೋರಿಸಿ. ಮೊದಲ ಸಾಲಿನಲ್ಲಿ ಕಾಲಂ ಹೆಸರುಗಳಿವೆ ಎಂಬ ಗುರುತು ಇರಲಿ. ಎರಡನೆಯ ಚೀಟಿಯಿಂದ ಮುಂದಕ್ಕೆ ಎಲ್ಲದರಲ್ಲೂ ‘ನೆಕ್ಸ್ಟ್ ರೆಕಾರ್ಡ್’ ಎಂಬ ಬರಹ ಕಾಣಿಸಿಕೊಳ್ಳುತ್ತದೆ. ಅದನ್ನು ಅಳಿಸಬೇಡಿ. ಮುಂದಿನ ಸಂಖ್ಯೆಗೆ ಹೋಗು ಎಂದು ಹೇಳುವುದು ಅದೇ. ಅದು ಹೋದರೆ 24 ಚೀಟಿಗಳಲ್ಲೂ ಒಂದೇ ಸಂಖ್ಯೆ ಅಚ್ಚಾಗುತ್ತದೆ.

3. ಮೊದಲ ಚೀಟಿಯನ್ನು ಮಾತ್ರ ಜೋಡಿಸಿ. ಮೇಲಿನ ಸಾಲಿನಲ್ಲಿ ಶಾಲೆಯ ಹೆಸರು ಕನ್ನಡದಲ್ಲಿ, ಯೂನಿಕೋಡ್ ಫಾಂಟ್‌ನಲ್ಲಿ. ಎಂಟರ್ ಒತ್ತಿ, ಇನ್ಸರ್ಟ್ ಮರ್ಜ್ ಫೀಲ್ಡ್‌ನಿಂದ ಬಾರ್ ಕಾಲಂ ತನ್ನಿ. ಮತ್ತೆ ಎಂಟರ್ ಒತ್ತಿ ಸಂಖ್ಯೆ ಕಾಲಂ. ಬಾರ್ ಸಾಲನ್ನು ಪೂರ್ತಿ ಆರಿಸಿ ಲಿಬ್ರೆ ಬಾರ್‌ಕೋಡ್ 39 ಫಾಂಟ್ ಕೊಡಿ. ಮೂರು ಸಾಲನ್ನೂ ನಡುವಿಗೆ ತನ್ನಿ. ಕನ್ನಡದ ಹೆಸರು ಮತ್ತು ಬಾರ್‌ಕೋಡ್ ಒಂದೇ ಸಾಲಿನಲ್ಲಿ ಬೇಡ, ಕನ್ನಡ ಅಕ್ಷರದ ಬೆನ್ನಿಗೆ ಬಂದ ಚಿಹ್ನೆ ಮತ್ತು ಅಂಕಿಗಳು ಕನ್ನಡದ ಫಾಂಟನ್ನೇ ಹಿಡಿದುಕೊಳ್ಳುವುದುಂಟು.

4. ಅಪ್‌ಡೇಟ್ ಲೇಬಲ್ಸ್ ಒತ್ತಿ. ಮೊದಲ ಚೀಟಿಯ ರೂಪ ಉಳಿದ 23ಕ್ಕೂ ಹರಡುತ್ತದೆ. ಪ್ರಿವ್ಯೂ ರಿಸಲ್ಟ್ಸ್ ಒತ್ತಿ ನೋಡಿ.

5. ಫಿನಿಶ್ ಅಂಡ್ ಮರ್ಜ್‌ನಲ್ಲಿ ಎಡಿಟ್ ಇಂಡಿವಿಜುವಲ್ ಡಾಕ್ಯುಮೆಂಟ್ಸ್ ಆರಿಸಿದರೆ ಎಲ್ಲ ಹಾಳೆಗಳೂ ಹೊಸ ದಾಖಲೆಯಾಗಿ ಬರುತ್ತವೆ. ನಮ್ಮ 1,480ಕ್ಕೆ 62 ಹಾಳೆ ಬಂದವು.

ಫಾಂಟ್ ಗಾತ್ರ ಎಷ್ಟಿರಬೇಕು ಎಂಬುದನ್ನು ಅಂಕಿ ನೋಡಿ ನಿರ್ಧರಿಸಬೇಡಿ. ಒಂದು ಚೀಟಿಯನ್ನು ಅಚ್ಚು ಹಾಕಿ, ಮೊದಲ ಕಪ್ಪು ಪಟ್ಟಿಯಿಂದ ಕೊನೆಯದರವರೆಗೆ ಸ್ಕೇಲ್‌ನಲ್ಲಿ ಅಳೆಯಿರಿ. ನಮ್ಮ ಲೆಕ್ಕದ 36 ಮಿ.ಮೀ. ಮುಟ್ಟುವವರೆಗೆ ಗಾತ್ರ ಏರಿಸಿ. ಪಟ್ಟಿಗಳ ಎತ್ತರ 6 ಮಿ.ಮೀ.ಗಿಂತ ಕಡಿಮೆಯಾಗದಿರಲಿ. ಬೋಲ್ಡ್, ಇಟಾಲಿಕ್, ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವುದು ಯಾವುದನ್ನೂ ಈ ಸಾಲಿಗೆ ತಾಗಿಸಬೇಡಿ. ಪಟ್ಟಿಗಳ ತಲೆ ಕತ್ತರಿಸಿದಂತೆ ಕಂಡರೆ ಸಾಲಿನ ಅಂತರ ‘ಎಕ್ಸಾಕ್ಟ್ಲಿ’ ಎಂದಿರುತ್ತದೆ, ಸಿಂಗಲ್ ಮಾಡಿ.

ಲಿಬ್ರೆ ಆಫೀಸ್ ಬಳಸುವವರಿಗೂ ದಾರಿ ಇಷ್ಟೇ. ಮೊದಲು ಫೈಲ್, ನ್ಯೂ, ಡೇಟಾಬೇಸ್ ಮೂಲಕ ಸ್ಪ್ರೆಡ್‌ಶೀಟ್ ಕಡತವನ್ನು ನೋಂದಾಯಿಸಿ. ನಂತರ ಫೈಲ್, ನ್ಯೂ, ಲೇಬಲ್ಸ್. ಅಲ್ಲಿ ಕಾಲಂಗಳನ್ನು ಸೇರಿಸಿ, ಫಾರ್ಮ್ಯಾಟ್ ಟ್ಯಾಬ್‌ನಲ್ಲಿ ಮೇಲಿನ ಅಳತೆಗಳನ್ನು ಕೊಟ್ಟು, ಆಪ್ಷನ್ಸ್ ಟ್ಯಾಬ್‌ನಲ್ಲಿ ಸಿಂಕ್ರನೈಸ್ ಕಂಟೆಂಟ್ಸ್ ಗುರುತು ಹಾಕಿ. ಮೊದಲ ಚೀಟಿಗೆ ಫಾಂಟ್ ಕೊಟ್ಟು ಸಿಂಕ್ರನೈಸ್ ಲೇಬಲ್ಸ್ ಒತ್ತಿದರೆ ಎಲ್ಲಕ್ಕೂ ಹರಡುತ್ತದೆ.

ಅಚ್ಚು ಹಾಕುವಾಗ

ಮೊದಲ ಪ್ರತಿ ಸಾದಾ ಹಾಳೆಯ ಮೇಲೆ. ಅದನ್ನು ಅಂಟುಚೀಟಿ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಬಾರ್‌ಕೋಡ್ ಚೀಟಿಯ ಗೆರೆಯೊಳಗೆ ಕೂತಿದೆಯೇ ಎಂದು ಕಾಣುತ್ತದೆ. ಕೊನೆಯ ಸಾಲನ್ನೇ ನೋಡಿ. ಪಿಚ್ ಅರ್ಧ ಮಿಲಿಮೀಟರ್ ತಪ್ಪಿದ್ದರೂ ಎಂಟನೆಯ ಸಾಲಿನ ಹೊತ್ತಿಗೆ ಅದು ಮೂರೂವರೆ ಮಿಲಿಮೀಟರ್ ಆಗಿರುತ್ತದೆ. ಪ್ರಿಂಟರ್‌ನ ಅಳತೆ ಶೇ. 100 ಇರಲಿ, ‘ಫಿಟ್ ಟು ಪೇಜ್’ ಎಂಬುದು ಇದ್ದರೆ ತೆಗೆಯಿರಿ. ಟೋನರ್ ಉಳಿಸುವ ಆಯ್ಕೆಯೂ ಬೇಡ.

ಇಂಕ್‌ಜೆಟ್‌ನಲ್ಲಿ ಮಸಿ ಹರಡುತ್ತದೆ, ಒದ್ದೆ ಕೈ ತಾಗಿದರೆ ಅಳಿಯುತ್ತದೆ. ಲೇಸರ್ ಮುದ್ರಣವೇ ಸರಿ. ಆದರೆ ಕೆಲವು ಚೀಟಿ ಕಿತ್ತ ಹಾಳೆಯನ್ನು ಮತ್ತೆ ಲೇಸರ್ ಪ್ರಿಂಟರ್‌ಗೆ ಹಾಕಬಾರದು. ಒಳಗಿನ ಬಿಸಿಗೆ ಅಂಟು ಕರಗಿ ಉರುಳೆಗೆ ಮೆತ್ತಿಕೊಂಡರೆ ರಿಪೇರಿಯ ಖರ್ಚು ಚೀಟಿಗಳ ಖರ್ಚನ್ನೇ ಮೀರುತ್ತದೆ. ಅಂದಕ್ಕಾಗಿ ಕೆಂಪು ಪಟ್ಟಿಗಳನ್ನು ಹಾಕುವ ಯೋಚನೆಯೂ ಬೇಡ: ಹೆಚ್ಚಿನ ಸ್ಕ್ಯಾನರ್‌ಗಳ ಬೆಳಕು ಕೆಂಪು, ಅದಕ್ಕೆ ಕೆಂಪು ಪಟ್ಟಿಯೂ ಬಿಳಿ ಕಾಗದವೂ ಒಂದೇ.

ಹೊರಗಿನ ಅಂಗಡಿಯಲ್ಲಿ ಅಚ್ಚು ಹಾಕಿಸುವವರು ವರ್ಡ್ ಕಡತ ಒಯ್ಯಬೇಡಿ. ಅಲ್ಲಿನ ಕಂಪ್ಯೂಟರ್‌ನಲ್ಲಿ ಬಾರ್‌ಕೋಡ್ ಫಾಂಟ್ ಇಲ್ಲದಿದ್ದರೆ ಪಟ್ಟಿಗಳ ಬದಲು ನಕ್ಷತ್ರ ಮತ್ತು ಅಂಕಿಗಳೇ ಅಚ್ಚಾಗುತ್ತವೆ. ಪಿಡಿಎಫ್ ಮಾಡಿಕೊಂಡು ಹೋದರೆ ಫಾಂಟ್ ಅದರೊಳಗೇ ಇರುತ್ತದೆ, ಕನ್ನಡದ ಒತ್ತಕ್ಷರಗಳೂ ಕೆಡುವುದಿಲ್ಲ.

ಸ್ಕ್ಯಾನರ್‌ನ ಪರೀಕ್ಷೆ

62 ಹಾಳೆ ಅಚ್ಚು ಹಾಕುವ ಮೊದಲು ಒಂದು ಹಾಳೆಯನ್ನು ಪೂರ್ತಿ ಪರೀಕ್ಷಿಸಿ. ಯುಎಸ್‌ಬಿ ಸ್ಕ್ಯಾನರ್ ಕಂಪ್ಯೂಟರ್‌ನ ಕಣ್ಣಿಗೆ ಇನ್ನೊಂದು ಕೀಲಿಮಣೆ ಅಷ್ಟೇ. ಓದಿದ ಸಂಖ್ಯೆಯನ್ನು ಕರ್ಸರ್ ಇದ್ದಲ್ಲಿ ಟೈಪಿಸಿ, ಸಾಮಾನ್ಯವಾಗಿ ಎಂಟರ್ ಒತ್ತುತ್ತದೆ. ಎಕ್ಸೆಲ್‌ನ ಖಾಲಿ ಹಾಳೆ ತೆರೆದು 24 ಚೀಟಿಗಳನ್ನೂ ಓದಿಸಿ. ನಕ್ಷತ್ರ ಬರಲಿಲ್ಲವೆಂದು ಗಾಬರಿಯಾಗಬೇಡಿ, ಅದು ಬರಬಾರದು. ಸಂಖ್ಯೆಯ ಮುಂದಿನ ಅಕ್ಷರಗಳು ಕನ್ನಡದಲ್ಲಿ ಬಿದ್ದರೆ ಚೀಟಿಯ ತಪ್ಪಲ್ಲ, ಕಂಪ್ಯೂಟರ್ ಕನ್ನಡ ಕೀಲಿಮಣೆಯಲ್ಲಿದೆ. ಇಂಗ್ಲಿಷ್‌ಗೆ ಬದಲಿಸಿ ಮತ್ತೆ ಓದಿಸಿ. ನಮ್ಮಲ್ಲಿ ಈಗಲೂ ವಾರಕ್ಕೊಮ್ಮೆ ಯಾರಾದರೂ ಇದಕ್ಕಾಗಿ ನನ್ನನ್ನು ಕರೆಯುತ್ತಾರೆ.

ಅಂಟಿಸುವುದು

ಜಾಗ ಒಂದೇ ಇರಲಿ. ನಾವು ಹಿಂರಕ್ಷಾಪುಟದ ಬಲ ಮೇಲ್ಮೂಲೆ ಆರಿಸಿದೆವು. ಬೆಲೆ, ಐಎಸ್‌ಬಿಎನ್, ಲೇಖಕರ ಪರಿಚಯ ಅಲ್ಲಿದ್ದರೆ ಮಾತ್ರ ಸ್ವಲ್ಪ ಕೆಳಕ್ಕೆ. ಬೆನ್ನಿನ ಮೇಲೆ ಬೇಡ, ದುಂಡಗಿನ ಮೈಯಲ್ಲಿ ಪಟ್ಟಿಗಳು ಬಾಗುತ್ತವೆ. ಅದೇ ಸಂಖ್ಯೆಯ ಇನ್ನೊಂದು ಚೀಟಿಯನ್ನು ಶೀರ್ಷಿಕೆ ಪುಟದ ಹಿಂದೆ ಅಂಟಿಸಿದರೆ ಹೊದಿಕೆ ಹರಿದಾಗ ಕೈಹಿಡಿಯುತ್ತದೆ. ಹಾಗೆ ಎರಡು ಬೇಕಿದ್ದರೆ ಮರ್ಜ್ ಮಾಡುವ ಮೊದಲು ಎಕ್ಸೆಲ್ ಪಟ್ಟಿಯ ಕೆಳಗೆ ಅದರದೇ ನಕಲು ಹಾಕಿ ಸಂಖ್ಯೆಯ ಪ್ರಕಾರ ವಿಂಗಡಿಸಿ, ಜೋಡಿಗಳು ಒಂದರ ಹಿಂದೊಂದು ಬರುತ್ತವೆ.

ನಮ್ಮದು ಮಲೆನಾಡು. ಆಷಾಢದಲ್ಲಿ ಕಪಾಟಿನ ಹಲಗೆಯೇ ಬೆವರುತ್ತದೆ. ಆ ದಿನಗಳಲ್ಲಿ ಅಂಟಿಸಿದ ಚೀಟಿಗಳ ಮೂಲೆ ತಿಂಗಳೊಳಗೆ ಎದ್ದಿತು. ಬಿಸಿಲು ಬಂದ ಮೇಲೆ, ಹೊದಿಕೆಯನ್ನು ಒಣ ಬಟ್ಟೆಯಿಂದ ಒರೆಸಿ ಅಂಟಿಸಿ, ಅದರ ಮೇಲೆ ಚೀಟಿಗಿಂತ ತುಸು ಅಗಲದ ಪಾರದರ್ಶಕ ಟೇಪ್ ಎಳೆದವು ಇನ್ನೂ ಗಟ್ಟಿಯಾಗಿವೆ. ಟೇಪ್ ಸುಕ್ಕಾಗಬಾರದು, ಸುಕ್ಕು ಬೆಳಕನ್ನು ಹಿಂದಕ್ಕೆ ಹೊಡೆದು ಸ್ಕ್ಯಾನರ್‌ಗೆ ಅಡ್ಡಿಯಾಗುತ್ತದೆ.

ಎರಡನೆಯ ದಿನ ನಮ್ಮಲ್ಲಿ ಒಂದು ಅನಾಹುತವಾಯಿತು. ಪುಸ್ತಕಗಳು ಸಂಖ್ಯೆಯ ಕ್ರಮದಲ್ಲೇ ಇವೆ ಎಂಬ ನಂಬಿಕೆಯಲ್ಲಿ ಒಂದರ ಮೇಲೊಂದು ಅಂಟಿಸುತ್ತಾ ಹೋದೆವು. ನಡುವೆ ಒಂದು ಪುಸ್ತಕ ಕಪಾಟಿನಲ್ಲಿರಲಿಲ್ಲ, ಯಾರೋ ಮನೆಗೆ ಒಯ್ದಿದ್ದರು. ಅದರ ಚೀಟಿ ಮುಂದಿನ ಪುಸ್ತಕಕ್ಕೆ ಹೋಯಿತು, ಅಲ್ಲಿಂದ ಹಾಳೆ ಮುಗಿಯುವವರೆಗೂ ಪ್ರತಿಯೊಂದೂ ಒಂದೊಂದು ಸ್ಥಾನ ಜಾರಿತು. ಹಾಳೆಯ ಕೊನೆಯಲ್ಲಿ ಶೀರ್ಷಿಕೆ ಪುಟದ ಮೊಹರು ನೋಡಿದಾಗ ಗೊತ್ತಾಯಿತು. ಹತ್ತೊಂಬತ್ತು ಪುಸ್ತಕಗಳ ಚೀಟಿ ಕೀಳುವಾಗ ಹಳೆಯ ಹೊದಿಕೆಗಳ ಬಣ್ಣವೂ ಜೊತೆಗೆ ಕಿತ್ತು ಬಂತು. ಆಮೇಲೆ ಇಬ್ಬರು ಕೂತು ಮಾಡಿದೆವು. ಒಬ್ಬರು ಶೀರ್ಷಿಕೆ ಪುಟ ತೆರೆದು ಮೊಹರಿನೊಳಗಿನ ಸಂಖ್ಯೆಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅದೇ ಚೀಟಿ ಹುಡುಕಿ ಅಂಟಿಸಿ, ಕೂಡಲೇ ಸ್ಕ್ಯಾನ್ ಮಾಡಿ, ಪರದೆಯ ಸಂಖ್ಯೆಯನ್ನು ತಿರುಗಿ ಓದುವುದು. ಎರಡು ದನಿಗಳೂ ಒಂದೇ ಸಂಖ್ಯೆ ಹೇಳಿದರೆ ಪುಸ್ತಕ ಆಚೆ ಬದಿಗೆ.

ಕೋಹಾ ಅಥವಾ ಇ-ಗ್ರಂಥಾಲಯದಂಥ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ ಬಳಸುವವರು ಪ್ರತಿಯ ಬಾರ್‌ಕೋಡ್ ಎಂಬಲ್ಲಿ ಇದೇ ಸಂಖ್ಯೆಯನ್ನು, ನಕ್ಷತ್ರವಿಲ್ಲದೆ, ತುಂಬಿದರೆ ಆಯಿತು. ಅದಿಲ್ಲದವರು ಎಕ್ಸೆಲ್‌ನಲ್ಲಿ ಮಗುವಿನ ಹೆಸರು, ಸ್ಕ್ಯಾನ್ ಮಾಡಿದ ಸಂಖ್ಯೆ, ತಾರೀಕು ಎಂಬ ಮೂರು ಕಾಲಂ ಇಟ್ಟುಕೊಂಡೇ ಶುರು ಮಾಡಬಹುದು.

ಹೊಸ ಪುಸ್ತಕಗಳು ಬಂದಾಗ ಹಳೆಯ ಪಟ್ಟಿಗೆ ಸೇರಿಸಿ, ಎಡಿಟ್ ಇಂಡಿವಿಜುವಲ್ ಡಾಕ್ಯುಮೆಂಟ್ಸ್ ಕೇಳುವ ಫ್ರಮ್, ಟು ಎಂಬಲ್ಲಿ ಹೊಸ ಸಾಲುಗಳ ಕ್ರಮಸಂಖ್ಯೆಯನ್ನಷ್ಟೇ ಕೊಡಿ. ಹಾಳೆ ಅರ್ಧಕ್ಕೆ ಉಳಿಯದಂತೆ 24 ಪುಸ್ತಕಗಳಾಗುವವರೆಗೆ ಕಾಯುವುದು ನಮ್ಮ ರೂಢಿ. ಅಷ್ಟರವರೆಗೆ ಹೊಸ ಪುಸ್ತಕಗಳ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬರೆದು, ಸ್ಕ್ಯಾನರ್ ಬದಲು ಕೈಯಲ್ಲೇ ಟೈಪಿಸಿ ಮಕ್ಕಳಿಗೆ ಕೊಡುತ್ತೇವೆ. ಚೀಟಿ ಇಲ್ಲವೆಂದು ಹೊಸ ಪುಸ್ತಕವನ್ನು ಬೀರುವಿನಲ್ಲಿ ಕೂಡಿಡುವುದಿಲ್ಲ.